ಹೂಳಿಗೂ ವಿಳಾಸವಿದೆ

ರಿಚರ್ಡ್ಸ್ ಟೌನಿನ ನೆರೆಯವರೇ, ಕಾಕ್ಸ್ ಟೌನ್, ಫ್ರೇಜರ್ ಟೌನ್, ದೊಡ್ಡಿಗುಂಟ, ಶಿವಾಜಿನಗರದ ಬಂಧುಗಳೇ,

ನಮಗೂ ಕಡಲಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ ಕೂತಿದ್ದೇವೆ. ಬಂದರು ನೋಡಬೇಕೆಂದರೆ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ಹತ್ತಬೇಕು. ನಮ್ಮ ಬೀದಿಯ ಮೋರಿಗೆ ಆ ಟಿಕೆಟ್ಟೂ ಬೇಕಿಲ್ಲ. ಜಯಮಹಲ್, ದೊಡ್ಡಿಗುಂಟ, ಕಾಡುಗೊಂಡನಹಳ್ಳಿ ಕಡೆಯ ರಾಜಕಾಲುವೆಗಳು ಹಲಸೂರು ಕೆರೆಗೆ ಇಳಿಯುತ್ತವೆ. ಅಲ್ಲಿಂದ ಹೊರಬಿದ್ದ ನೀರು ದೊಮ್ಮಲೂರಿನ ಪಕ್ಕದಲ್ಲಿ ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರು ಸೇರುತ್ತದೆ. ಬೆಳ್ಳಂದೂರಿನಿಂದ ವರ್ತೂರು, ವರ್ತೂರಿನಿಂದ ದಕ್ಷಿಣ ಪಿನಾಕಿನಿ. ಆಮೇಲೆ ಗಡಿ ದಾಟುತ್ತದೆ. ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟು, ಮುಂದೆ ಕೃಷ್ಣಗಿರಿ, ಸಾತನೂರು, ಕೊನೆಗೆ ಕಡಲೂರಿನ ಬಳಿ ಬಂಗಾಳಕೊಲ್ಲಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ನಾನೂರು ಕಿಲೋಮೀಟರಿಗೂ ಮಿಕ್ಕಿ ಹರಿಯುವ ಆ ನದಿಯನ್ನು ತಮಿಳರು ತೆನ್‌ಪೆಣ್ಣೈ ಎನ್ನುತ್ತಾರೆ. ಅದರ ಒಂದು ಎಳೆ ನಮ್ಮ ಅಡುಗೆಮನೆಯ ಹಿಂದಿನ ಮೋರಿಯಲ್ಲಿ ಶುರುವಾಗುತ್ತದೆ, ಹಳೆಯ ಬಂದರೊಂದರ ಮಗ್ಗುಲಲ್ಲಿ ಮುಗಿಯುತ್ತದೆ.

ಆ ಬಂದರಿನ ತಳದ ಬಗ್ಗೆ, ಅದಕ್ಕೂ ಮೊದಲು ದಾರಿಯಲ್ಲಿ ಸಿಗುವ ಎಲ್ಲ ತಳಗಳ ಬಗ್ಗೆ, ನಿಮ್ಮ ಜೊತೆ ಮಾತಾಡುವುದಿದೆ.

ನೀರಿನ ಮೇಲೆ ನಮಗೆ ಕಣ್ಣಿದೆ. ನೊರೆ ಎದ್ದರೆ ಫೋಟೊ ತೆಗೆಯುತ್ತೇವೆ, ನಾತ ಬಂದರೆ ಮೂಗು ಮುಚ್ಚಿ ಬೈಯುತ್ತೇವೆ, ಮೀನು ಸತ್ತರೆ ಪತ್ರಿಕೆಗೆ ಬರೆಯುತ್ತೇವೆ. ಮಾರ್ಚ್ 2016ರಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದಾಗ ಊರಿಗೆ ಊರೇ ದಂಡೆಯ ಮೇಲೆ ನಿಂತಿತ್ತು. ಆ ಮೀನು ಸತ್ತದ್ದು ನೀರಿನಲ್ಲಿ ಉಸಿರು ಇಲ್ಲದೆ. ಒಳಚರಂಡಿಯ ಕೊಳೆ ಆಮ್ಲಜನಕವನ್ನು ನುಂಗಿ ಹಾಕಿತ್ತು. ಅಂಥ ಸಾವು ಒಂದೇ ಬೆಳಗಿನಲ್ಲಿ ಕಣ್ಣಿಗೆ ರಾಚುತ್ತದೆ. ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ ಹಾಗೆ ಸದ್ದು ಮಾಡುವುದಿಲ್ಲ. ಅವು ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಜೇಡಿಯ ಕಣಕ್ಕೆ, ಕೊಳೆತ ಎಲೆಗೆ, ಮಲದ ಜಿಗುಟಿಗೆ ಅಂಟಿಕೊಂಡು ತಳಕ್ಕೆ ಇಳಿದು ಹೂಳಾಗಿ ಕೂರುತ್ತವೆ. ಮೇಲೆ ನೀರು ತಿಳಿಯಾದಷ್ಟೂ ಕೆಳಗೆ ವಿಷ ಮಂದವಾಗಿದ್ದರೂ ಇರಬಹುದು.

ಕೊಳೆಯನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ, ಅವಕ್ಕೆ ಗಾಳಿ ಮತ್ತು ಕಾಲ ಕೊಟ್ಟರೆ ಸಾಕು. ಸೀಸವನ್ನು ತಿಂದು ಮುಗಿಸುವ ಜೀವಿ ಭೂಮಿಯ ಮೇಲೆ ಇಲ್ಲ. ಅದು ಮೂಲಧಾತು. ಜಾಗ ಬದಲಿಸೀತು, ಜೊತೆಗಾರರನ್ನು ಬದಲಿಸೀತು, ಇಲ್ಲವಾಗದು. 2000ದ ಫೆಬ್ರುವರಿ 1ರಿಂದ ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿತು. ಆದರೆ ಅದಕ್ಕೂ ಮುಂಚೆ ನಮ್ಮ ಪ್ರೀಮಿಯರ್ ಪದ್ಮಿನಿಗಳೂ ಅಂಬಾಸಡರುಗಳೂ ಬಜಾಜ್ ಸ್ಕೂಟರುಗಳೂ ದಶಕಗಟ್ಟಲೆ ಉಗುಳಿದ ಸೀಸ ಎಲ್ಲಿ ಹೋಯಿತು? ರಸ್ತೆಯ ಧೂಳಾಯಿತು, ಮಳೆಗೆ ಮೋರಿಗಿಳಿಯಿತು, ಕೆರೆಯ ತಳ ಸೇರಿತು. ನಾವು ಓಡಿಸಿ ಮರೆತ ಗಾಡಿಗಳ ಹೊಗೆಯನ್ನು ಕೆಳಗಿನ ಪದರಗಳು ಇಟ್ಟುಕೊಂಡಿವೆ. ಮೇಲಿನ ಪದರದಲ್ಲಿ ಈಗಿನ ನಾವಿದ್ದೇವೆ: ಟೈರಿನಿಂದ ಸವೆದ ಸತು, ಬ್ರೇಕಿನಿಂದ ಉದುರಿದ ತಾಮ್ರ, ಒಡೆದ ಬ್ಯಾಟರಿಯ ಸೀಸ, ಎಸೆದ ಟ್ಯೂಬ್‌ಲೈಟಿನ ಪಾದರಸ.

ಇಷ್ಟಿದ್ದೂ ಪ್ರತಿ ತಿಂಗಳು ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆಗಳಿಗೆ ಎ, ಬಿ, ಸಿ, ಡಿ, ಇ ಎಂದು ದರ್ಜೆ ಕೊಡುತ್ತದೆ. ಬೆಂಗಳೂರಿನ ಬಹುಪಾಲು ಕೆರೆಗಳು ಡಿ, ಇಲ್ಲವೇ ಇ. ಪತ್ರಿಕೆ ಓದಿ ನಾವು ನಿಟ್ಟುಸಿರು ಬಿಡುತ್ತೇವೆ. ಆ ದರ್ಜೆ ಯಾವುದರ ಮೇಲೆ ನಿಂತಿದೆ ಎಂದು ಒಮ್ಮೆ ನೋಡಿ. ಕರಗಿದ ಆಮ್ಲಜನಕ, ಬಿಒಡಿ ಎಂಬ ಜೈವಿಕ ಆಮ್ಲಜನಕ ಬೇಡಿಕೆ, ಕೋಲಿಫಾರ್ಮ್, ಪಿಎಚ್, ಅಮೋನಿಯ, ಲವಣಾಂಶ. ಸೀಸದ ಪ್ರಶ್ನೆ ಆ ಅಕ್ಷರಗಳಲ್ಲಿ ಇಲ್ಲ. ಕ್ಯಾಡ್ಮಿಯಂ ಇಲ್ಲ. ಹೂಳಂತೂ ಇಲ್ಲವೇ ಇಲ್ಲ. ನಾಳೆ ಹಲಸೂರು ಕೆರೆಗೆ ಗಾಳಿ ಊದುವ ಯಂತ್ರಗಳನ್ನಿಟ್ಟು, ಕಾಲುವೆ ತಿರುಗಿಸಿ, ನೀರಿಗೆ ಬಿ ದರ್ಜೆ ತಂದುಕೊಟ್ಟರೂ ತಳದ ಲೋಹ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರುವುದಿಲ್ಲ. ಸಾರಿನ ತಿಳಿ ಬಡಿಸಿಕೊಂಡು ಚೆನ್ನಾಗಿದೆ ಎಂದು ತಲೆದೂಗಿ, ಪಾತ್ರೆಯ ತಳದಲ್ಲಿ ಏನು ಕೂತಿದೆ ಎಂದು ಸೌಟು ಹಾಕಿ ನೋಡದವರ ಊಟ ನಮ್ಮದು.

ಇಲ್ಲಿ ಒಂದು ಮಾತು ನಮ್ಮ ಬಡಾವಣೆಯ ಬಗ್ಗೆಯೇ. ಈ ಟೌನುಗಳು ಹುಟ್ಟಿದ್ದು ಭಯದಿಂದ. 1898ರ ಪ್ಲೇಗು ಕಂಟೋನ್ಮೆಂಟಿನ ಇಕ್ಕಟ್ಟು ಕೇರಿಗಳಲ್ಲಿ ಹೆಣ ಉರುಳಿಸಿದ ಮೇಲೆ ಅಗಲ ರಸ್ತೆ, ಗಾಳಿ ಬೆಳಕು, ಕಲ್ಲು ಮೋರಿ, ಮನೆಯ ಹಿಂದೊಂದು ಕನ್ಸರ್ವೆನ್ಸಿ ಗಲ್ಲಿ ಎಂದು ಲೆಕ್ಕ ಹಾಕಿ ಕಟ್ಟಿದ ಬಡಾವಣೆಗಳು ಇವು. ರೋಗ ಬಾರದಿರಬೇಕಾದರೆ ಹೊಲಸು ಮನೆಯಿಂದ ದೂರ ಹರಿದುಹೋಗಬೇಕು ಎಂಬುದು ಅವರ ನಂಬಿಕೆ. ಎಲ್ಲಿಗೆ ಎಂದು ಕೇಳುವ ಕಾಲ ಅದಾಗಿರಲಿಲ್ಲ, ಅವರನ್ನು ದೂರುವುದಿಲ್ಲ. ಒಂದು ಸೋಜಿಗವಿದೆ, ಹೇಳಿಬಿಡುತ್ತೇನೆ. ನಮ್ಮ ಟೌನಿಗೆ ಹೆಸರು ಕೊಟ್ಟ ಎಫ್.ಜೆ. ರಿಚರ್ಡ್ಸ್ ಇಲ್ಲಿ ಕಲೆಕ್ಟರ್ ಆಗಿದ್ದವರು, 1909ರಲ್ಲಿ ಮಿಥಿಕ್ ಸೊಸೈಟಿಯನ್ನು ಹುಟ್ಟುಹಾಕಿದವರು. ಸೇಲಂ ಜಿಲ್ಲೆಯ ಗೆಜೆಟಿಯರನ್ನು ಬರೆದವರೂ ಅವರೇ, 1918ರಲ್ಲಿ ಅಚ್ಚಾಯಿತು. ಹೊಸೂರು, ಕೃಷ್ಣಗಿರಿ ಆಗ ಆ ಜಿಲ್ಲೆಯ ಒಳಗೇ ಇದ್ದವು. ಅಂದರೆ ನಮ್ಮ ಮೋರಿ ಹೋಗಿ ಸೇರುವ ನದಿಯ ಸೀಮೆಯನ್ನು ಕೂಲಂಕಷವಾಗಿ ವಿವರಿಸಿದ ಮನುಷ್ಯನ ಹೆಸರನ್ನೇ ನಾವು ವಿಳಾಸದಲ್ಲಿ ಬರೆಯುತ್ತಿದ್ದೇವೆ. ಆ ನದಿಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಬಂದರೊಂದು ತನ್ನ ಹೂಳಿನ ವಿಳಾಸ ಹುಡುಕಿಕೊಂಡು ಹೊರಟ ಕಥೆ ಜಗತ್ತಿನಲ್ಲಿ ನಡೆದಿದೆ. ನೆದರ್ಲೆಂಡಿನ ರೋಟರ್‌ಡ್ಯಾಮ್, ರೈನ್ ನದಿಯ ಬಾಯಲ್ಲಿರುವ ದೊಡ್ಡ ಬಂದರು. ಹಡಗು ಬರಬೇಕಾದರೆ ವರ್ಷವಿಡೀ ಹೂಳೆತ್ತುತ್ತಲೇ ಇರಬೇಕು. ಮೊದಲೆಲ್ಲ ಆ ಹೂಳನ್ನು ತಗ್ಗುಭೂಮಿ ಎತ್ತರಿಸಲು ಹರಡುತ್ತಿದ್ದರು, ಫಲವತ್ತಾದ ಮಣ್ಣೆಂದು ಸಂತೋಷಪಡುತ್ತಿದ್ದರು. 1970ರ ದಶಕದಲ್ಲಿ ಪರೀಕ್ಷೆ ಮಾಡಿದರೆ ಒಳಗೆ ಕ್ಯಾಡ್ಮಿಯಂ, ಪಾದರಸ, ಸತು, ಸೀಸ. ನೆಲಕ್ಕೆ ಹಾಕುವಂತಿಲ್ಲ, ಕಡಲಿಗೆ ಸುರಿಯುವಂತಿಲ್ಲ. 1987ರಲ್ಲಿ ಸಮುದ್ರದ ಅಂಚಿನಲ್ಲಿ ಸ್ಲುಫ್ಟರ್ ಎಂಬ ಭಾರಿ ಹೊಂಡ ಕಟ್ಟಿ ವಿಷದ ಹೂಳನ್ನು ಅದರೊಳಗೆ ತುಂಬತೊಡಗಿದರು. ಅಷ್ಟಕ್ಕೇ ಬಿಟ್ಟಿದ್ದರೆ ಅದು ಇನ್ನೊಂದು ಕಸದ ಗುಂಡಿಯ ಕಥೆಯಾಗುತ್ತಿತ್ತು. ರೋಟರ್‌ಡ್ಯಾಮಿನ ನಗರಸಭೆ 1984ರಿಂದಲೇ ರೈನ್ ಸಂಶೋಧನಾ ಯೋಜನೆ ಎಂದು ಶುರುಮಾಡಿ ತನ್ನ ಜನರನ್ನು ನದಿಯ ಮೇಲುಭಾಗಕ್ಕೆ ಕಳಿಸಿತು. ಅವರು ದೇಶದ ಗಡಿ ದಾಟಿದರು. ಪಟ್ಟಣ ಪಟ್ಟಣದ, ಕಾರ್ಖಾನೆ ಕಾರ್ಖಾನೆಯ ಕೊಳವೆಯ ಬಾಯಲ್ಲಿ ಮಾದರಿ ತೆಗೆದರು. ಯಾವ ಲೋಹ ಯಾವ ಕೊಳವೆಯದು ಎಂದು ಪಟ್ಟಿ ಮಾಡಿ, ಹೂಳೆತ್ತುವ ಖರ್ಚು ನಿಮ್ಮಿಂದ ವಸೂಲು ಮಾಡಲು ಕೋರ್ಟಿಗೆ ಹೋಗುತ್ತೇವೆ, ಅಥವಾ ಕೂತು ಮಾತಾಡೋಣ ಎಂದರು. ಜರ್ಮನಿಯ ರಾಸಾಯನಿಕ ಉದ್ಯಮದ ಒಕ್ಕೂಟ 1991ರಲ್ಲಿ ಒಪ್ಪಂದಕ್ಕೆ ಬಂತು. ಲೋಹ ಇಳಿಯಿತು. ಕೆಳಗಿನ ಊರು ಮೇಲಿನ ಊರಿನ ಬಾಗಿಲು ತಟ್ಟಿ ಗೆದ್ದದ್ದು ಹೀಗೆ.

ಈಗ ಆ ಕಥೆಯನ್ನು ಇಲ್ಲಿಗೆ ತನ್ನಿ. ಕಡಲೂರಿನ ಮೀನುಗಾರ ಹೆಂಗಸು ಶೀಷೆಯಲ್ಲಿ ಒಂದು ಹಿಡಿ ಕಪ್ಪು ಕೆಸರು ಹಿಡಿದು ಸಾತನೂರು, ಕೃಷ್ಣಗಿರಿ, ಕೆಲವರಪಳ್ಳಿ, ವರ್ತೂರು, ಬೆಳ್ಳಂದೂರು, ಹಲಸೂರು ಎಂದು ಒಂದೊಂದೇ ಮೆಟ್ಟಿಲು ಹತ್ತಿ ಬಂದು ನಮ್ಮ ರಿಚರ್ಡ್ಸ್ ಪಾರ್ಕಿನ ಗೇಟಿನ ಹತ್ತಿರ ನಿಂತರೆ ನಾವು ಏನು ಹೇಳುತ್ತೇವೆ? ಕಡಲೂರಿಗೆ ತನ್ನದೇ ರಾಸಾಯನಿಕ ಕಾರ್ಖಾನೆಗಳ ಎಸ್ಟೇಟು ಇದೆ, ಅದರ ಹೊಲಸು ಅಲ್ಲಿನ ಉಪ್ಪನಾರು ನದಿಗೆ ಸೇರಿದೆ, ಅಲ್ಲಿಯ ಎಲ್ಲ ಪಾಪವೂ ನಮ್ಮದಲ್ಲ. ನಮ್ಮ ಹೂಳಿನ ದೊಡ್ಡ ಪಾಲು ಕಡಲು ಕಾಣುವ ಮೊದಲೇ ಕೆರೆ, ಅಣೆಕಟ್ಟುಗಳಲ್ಲಿ ಕೂತುಬಿಡುತ್ತದೆ. ಹಾಗೆಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಡಿಸೆಂಬರ್ 2024ರಲ್ಲಿ ಫೆಂಗಲ್ ಚಂಡಮಾರುತದ ಮಳೆಗೆ ಸಾತನೂರಿನಿಂದ ಒಂದೇ ಸಲಕ್ಕೆ 1.68 ಲಕ್ಷ ಕ್ಯುಸೆಕ್ ನೀರು ಬಿಟ್ಟರು, ಕಡಲೂರು ಮುಳುಗಿತು. ಅಂಥ ಪ್ರವಾಹದಲ್ಲಿ ಎದ್ದು ಎಲ್ಲಕ್ಕಿಂತ ಕೊನೆಗೆ ಇಳಿಯುವುದು ಸಣ್ಣ ಜೇಡಿ. ಲೋಹ ಅಂಟಿರುವುದೂ ಅದಕ್ಕೇ. ಮತ್ತೆ, ದಾರಿಯಲ್ಲಿ ಕೂತ ಪಾಲಿನ ಮೇಲೂ ಯಾರೋ ಬದುಕುತ್ತಿದ್ದಾರೆ. ಕೆಲವರಪಳ್ಳಿಯಲ್ಲಿ ನೊರೆ ಎದ್ದಾಗಲೆಲ್ಲ ಬೆಂಗಳೂರನ್ನು ಬೈಯುವ ಹೊಸೂರಿನ ರೈತರಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ. ಇದೇ ದಕ್ಷಿಣ ಪಿನಾಕಿನಿಯ ಬಗ್ಗೆ ಎರಡು ರಾಜ್ಯಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ ಜಗಳವಾಡಿದವು, ಎಲ್ಲವೂ ನೀರಿನ ಪಾಲಿಗಾಗಿ. ಹೂಳಿನಲ್ಲಿ ಪಾಲು ಎಷ್ಟು ಎಂದು ಯಾರೂ ಅರ್ಜಿ ಹಾಕಲಿಲ್ಲ.

ಮಂಗಳೂರಿನ ಕಡೆಯವರು ಇದನ್ನು ಓದುತ್ತಿದ್ದರೆ ಅವರಿಗೂ ಹೇಳುತ್ತೇನೆ, ಪಣಂಬೂರಿನಲ್ಲಿ ನವಮಂಗಳೂರು ಬಂದರು 1970ರ ದಶಕದಲ್ಲಿ ತೆರೆದಂದಿನಿಂದ ಮಳೆಗಾಲ ಮುಗಿದ ಮೇಲೆ ಹೂಳೆತ್ತುವುದು ವಾಡಿಕೆಯ ಕೆಲಸ. ಎತ್ತಿದ್ದರಲ್ಲಿ ಏನಿತ್ತು, ಎಲ್ಲಿ ಸುರಿದರು ಎಂದು ಕೇಳುವ ಹಕ್ಕು ಅಲ್ಲಿನ ಮೊಗವೀರರಿಗಿದೆ. ನನ್ನ ಮಾತು ಸದ್ಯಕ್ಕೆ ನಮ್ಮ ಕಣಿವೆಯದು.

ಬೆಳ್ಳಂದೂರಿಗೆ ಬರೋಣ. 2015ರಲ್ಲಿ ನೊರೆಗೆ ಬೆಂಕಿ ಬಿತ್ತು. ಫೆಬ್ರುವರಿ 2017ರಲ್ಲಿ ಮತ್ತೆ ಹೊತ್ತಿತು. 2018ರ ಜನವರಿ 19ರಂದು ಹೊತ್ತಿದಾಗ ಸೈನಿಕರು ಬಂದು ಆರಿಸಬೇಕಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿ, ಕೆರೆ ಕೆಲಸಕ್ಕೆಂದು 500 ಕೋಟಿ ಬೇರೆಯಾಗಿ ತೆಗೆದಿಡಲು ಹೇಳಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಉಸ್ತುವಾರಿಗೆ ಬಂದರು. ಆಮೇಲೆ ಹೂಳೆತ್ತುವ ಕೆಲಸ ಶುರುವಾಯಿತು. ಎತ್ತಬೇಕಾದದ್ದು ಸುಮಾರು 32 ಲಕ್ಷ ಘನ ಮೀಟರ್. ಒಂದು ಟಿಪ್ಪರಿಗೆ ಹತ್ತು ಘನ ಮೀಟರ್ ಎಂದಿಟ್ಟರೆ ಮೂರು ಲಕ್ಷ ಲೋಡಿಗೂ ಮೇಲೆ. ಆ ಹೂಳಿನ ಒಂದು ಭಾಗ ಹಳೆಯ ಕಲ್ಲುಕ್ವಾರಿಗಳಿಗೆ, ಒಂದು ಭಾಗ ರೈತರ ಹೊಲಗಳಿಗೆ.

ಹೊಲಕ್ಕೆ ಹೋದದ್ದರ ಬಗ್ಗೆ ನನಗೆ ಸಿಟ್ಟಿಗಿಂತ ದುಃಖ ಹೆಚ್ಚು. ಕೆರೆಗೋಡು ಹೊಡೆಯುವುದು ನಮ್ಮ ಸೀಮೆಯ ಅತಿ ಹಳೆಯ ಜಾಣತನಗಳಲ್ಲಿ ಒಂದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರವರೆಲ್ಲ ಎತ್ತಿನ ಗಾಡಿ ಕಟ್ಟಿ ತಳದ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೆ ಆಳ ಬರುತ್ತಿತ್ತು, ರಾಗಿಗೆ ಸಾರ ಬರುತ್ತಿತ್ತು, ಯಾರಿಗೂ ದುಡ್ಡು ಕೊಡಬೇಕಿರಲಿಲ್ಲ. ಗೋಡು ಎಂದರೆ ಒಳ್ಳೆಯದು ಎಂಬುದು ರೈತನ ರಕ್ತದಲ್ಲಿರುವ ನಂಬಿಕೆ. ಆ ನಂಬಿಕೆಯ ಮೇಲೆ ನಾವು ನಗರದ ಲೋಹವನ್ನು ಹೇರಿ ಕಳಿಸಿದೆವು. ಕಪ್ಪು ಕೆಸರು ನೀರಿನಡಿ ಗಾಳಿಯಾಡದೆ ಇರುವಷ್ಟು ಕಾಲ ಕ್ಯಾಡ್ಮಿಯಂ, ಸೀಸ, ಸತುಗಳು ಗಂಧಕದೊಡನೆ ಕೂಡಿ ಕರಗದ ಸಲ್ಫೈಡುಗಳಾಗಿ ಒಂದಿಷ್ಟು ತಣ್ಣಗಿರುತ್ತವೆ. ಎತ್ತಿ ಬಿಸಿಲಿಗೆ ಹರಡಿದ ಕೂಡಲೇ ಗಾಳಿ ತಾಗಿ ಆ ಸಲ್ಫೈಡು ಒಡೆಯುತ್ತದೆ, ಮಳೆ ಬಿದ್ದರೆ ಲೋಹ ಬಿಡುಗಡೆಯಾಗುತ್ತದೆ. ಸೀಸ ಬಹುಮಟ್ಟಿಗೆ ಬೇರಿನಲ್ಲಿ, ಎಲೆಗೆ ಅಂಟಿದ ಮಣ್ಣಿನಲ್ಲಿ ಉಳಿಯುತ್ತದೆ; ಕ್ಯಾಡ್ಮಿಯಂ ಮಾತ್ರ ಸರಾಗವಾಗಿ ಸೊಪ್ಪಿಗೆ ಏರುತ್ತದೆ. ದಂಟು, ಪಾಲಕ್, ಹರಿವೆ. ಒಮ್ಮೆ ಮನುಷ್ಯನ ಮೂತ್ರಪಿಂಡ ಸೇರಿದ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯಲು ಹತ್ತರಿಂದ ಮೂವತ್ತು ವರ್ಷ ಹಿಡಿಯುತ್ತದೆ. ಬೆಳಗ್ಗೆ ರಸೆಲ್ ಮಾರ್ಕೆಟ್ಟಿಗೆ ಬಂದು ಬೀಳುವ ಸೊಪ್ಪಿನ ಕಟ್ಟುಗಳಲ್ಲಿ ಪೂರ್ವದ ಹಳ್ಳಿಗಳದ್ದೂ ಇರುತ್ತವೆ. ಕೆಳಗಿನವರ ಪಾಡು ನಮಗೇಕೆ ಎನ್ನುವವರಿಗೆ ಇದೊಂದು ಉತ್ತರ ಸಾಕು, ಆದರೆ ಆ ಉತ್ತರದಿಂದ ಎಚ್ಚರವಾಗುವ ಆತ್ಮಸಾಕ್ಷಿ ನನಗೆ ಅಷ್ಟು ಇಷ್ಟವಿಲ್ಲ.

ಕಾನೂನಿನ ಒಂದು ತಮಾಷೆ ನೋಡಿ. ಊರಿನ ಕಸದಿಂದ ಮಾಡಿದ ಕಾಂಪೋಸ್ಟ್ ಮಾರಬೇಕಾದರೆ ಅದರಲ್ಲಿ ಕಿಲೋಗೆ ಎಷ್ಟು ಲೋಹ ಇರಬಹುದು ಎಂದು 2016ರ ಘನತ್ಯಾಜ್ಯ ನಿಯಮಗಳು ಮಿತಿ ಹಾಕಿದವು: ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100, ಪಾದರಸ 0.15. ಐದು ಕಿಲೋ ಚೀಲದ ಗೊಬ್ಬರಕ್ಕೆ ಇಷ್ಟು ಕಟ್ಟು. ಟಿಪ್ಪರ್‌ಗಟ್ಟಲೆ ಹೋಗುವ ಕೆರೆ ಹೂಳಿಗೂ ಅದೇ ಅಳತೆ ಹಿಡಿಯಿರಿ ಎಂದರೆ ತಪ್ಪೇನು? ಮಾಹಿತಿ ಇಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಬೆಳ್ಳಂದೂರು, ವರ್ತೂರಿನ ನೀರು, ಕೆಸರು, ಜೊಂಡುಗಳ ಬಗ್ಗೆ ವರ್ಷಗಟ್ಟಲೆ ವರದಿ ಬರೆದಿದೆ. ಓದಬೇಕಾದವರು ಓದಿದ್ದರೆ ನಾನು ಈ ಕಾಗದ ಬರೆಯಬೇಕಿರಲಿಲ್ಲ.

2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಎರಡು ಹಂತ ಶುದ್ಧಿಯಾಗಿ ಕೋಲಾರದ ಕೆರೆಗಳಿಗೂ ಹೋಗುತ್ತಿದೆ. ಬತ್ತಿದ ಕೆರೆ ತುಂಬಿತು, ಬೋರ್‌ವೆಲ್ ಚೇತರಿಸಿತು ಎಂದು ಹರ್ಷಪಟ್ಟವರು ಇದ್ದಾರೆ, ಅವರ ಹರ್ಷ ಸುಳ್ಳಲ್ಲ. ಅದೇ ವರ್ಷ ಅಲ್ಲಿನ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು, ಶಾಶ್ವತ ನೀರಾವರಿ ಹೋರಾಟದವರು ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟ್ 2019ರ ಆರಂಭದಲ್ಲಿ ತಡೆಯನ್ನೂ ಕೊಟ್ಟಿತ್ತು, ಆಮೇಲೆ ನೀರು ಮತ್ತೆ ಹರಿಯಿತು. ಮೂರನೆಯ ಹಂತದ ಶುದ್ಧಿ ಬೇಕು ಎಂಬ ಅವರ ಒತ್ತಾಯ ಕೋಲಾರದವರದ್ದು ಮಾತ್ರ ಆಗಿರುವುದು ನಮಗೆ ಅವಮಾನ. ಅದು ನಮ್ಮ ನೀರು. ಕೇಳಬೇಕಾದವರು ನಾವು.

ಮಕ್ಕಳ ವಿಷಯಕ್ಕೆ ಬರುತ್ತೇನೆ. 1999ರ ಫೆಬ್ರುವರಿಯಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೊಂದು ನಡೆದದ್ದು ಇದೇ ಬೆಂಗಳೂರಿನಲ್ಲಿ. ಜಾರ್ಜ್ ಫೌಂಡೇಶನ್ ಏಳು ನಗರಗಳಲ್ಲಿ ಸುಮಾರು 22 ಸಾವಿರ ಜನರ ರಕ್ತ ಪರೀಕ್ಷಿಸಿತ್ತು. ಹನ್ನೆರಡರ ಒಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಂದಿನ ಮಿತಿಯಾದ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿ ಸೀಸವಿತ್ತು. ಮರುವರ್ಷವೇ ಪೆಟ್ರೋಲಿನ ಸೀಸ ನಿಂತದ್ದರ ಹಿಂದೆ ಈ ಊರಿನ ದುಡಿಮೆಯೂ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಅದನ್ನೇ ಜೀವಮಾನದ ಕೆಲಸ ಮಾಡಿಕೊಂಡರು, ಸೀಸದ ಮನುಷ್ಯ ಎಂದು ಹೆಸರಾದರು. ಮಗುವಿನ ಕರುಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಸೀಸವನ್ನು ಹೀರುತ್ತದೆ. ಅದು ಮೂಳೆಯಲ್ಲಿ ಕ್ಯಾಲ್ಸಿಯಂನ ಜಾಗ ಹಿಡಿದು ಕೂರುತ್ತದೆ. ಹುಡುಗಿ ಬೆಳೆದು ಬಸುರಿಯಾದಾಗ ಮೂಳೆಯಿಂದ ಇಳಿದು ಹೊಟ್ಟೆಯ ಕೂಸಿಗೆ ಹೋಗುತ್ತದೆ. ಇಷ್ಟರವರೆಗೆ ಪರವಾಗಿಲ್ಲ ಎಂಬ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಯುನಿಸೆಫ್ 2020ರಲ್ಲಿ ಲೆಕ್ಕ ಹಾಕಿದಾಗ ಜಗತ್ತಿನ ಮೂರರಲ್ಲಿ ಒಂದು ಮಗುವಿನ ರಕ್ತದಲ್ಲಿ 5 ಮೈಕ್ರೋಗ್ರಾಮಿಗಿಂತ ಹೆಚ್ಚು ಸೀಸವಿತ್ತು, ಆ ಮಕ್ಕಳಲ್ಲಿ ಸುಮಾರು 27.5 ಕೋಟಿ ಭಾರತದವರು. ದೊಡ್ಡ ಕಾರಣಗಳಲ್ಲಿ ಒಂದು, ಎಲ್ಲೆಂದರಲ್ಲಿ ಒಡೆದು ಕರಗಿಸುವ ಹಳೆಯ ಬ್ಯಾಟರಿ.

ಬ್ಯಾಟರಿ ಎಂದರೆ ನಮ್ಮ ಮನೆ. ಕರೆಂಟು ಕೈಕೊಡುವ ಊರಿನಲ್ಲಿ ಬಾಲ್ಕನಿಯಲ್ಲೊಂದು ಯುಪಿಎಸ್ ಇಲ್ಲದ ಮನೆ ಈ ಟೌನಿನಲ್ಲಿ ಎಷ್ಟಿವೆ? ಪ್ರತಿಯೊಂದರಲ್ಲೂ ಕಿಲೋಗಟ್ಟಲೆ ಸೀಸ. ಬ್ಯಾಟರಿ ಸತ್ತ ದಿನ ಅಂಗಡಿಯವನು ಹಳೆಯದಕ್ಕೆ ಒಂದು ರೇಟು ಹೇಳುತ್ತಾನೆ, ಬೀದಿಯಲ್ಲಿ ಕೂಗುತ್ತ ಬಂದ ಗುಜರಿಯವನು ಇನ್ನೂರು ಮುನ್ನೂರು ಹೆಚ್ಚು ಕೊಡುತ್ತೇನೆ ಎನ್ನುತ್ತಾನೆ. ಆ ಇನ್ನೂರಕ್ಕೆ ನಾವು ಮಾರಿದ್ದು ಬ್ಯಾಟರಿಯನ್ನಷ್ಟೇ ಅಲ್ಲ ಎಂದು ಹೇಳಬೇಕೆ? ಯಾವುದೋ ಶೆಡ್ಡಿನ ಹಿಂದೆ ಒಬ್ಬ ಹುಡುಗ ಸುತ್ತಿಗೆಯಲ್ಲಿ ಅದನ್ನು ಒಡೆಯುತ್ತಾನೆ, ಆಸಿಡ್ಡು ಮೋರಿಗೆ, ಸೀಸದ ಹುಡಿ ಅವನ ಉಗುರಿಗೆ, ಉಗುರಿನಿಂದ ಊಟಕ್ಕೆ, ಅಂಗಿಯಿಂದ ಮನೆಯ ಹಾಸಿಗೆಗೆ. ಹುಡುಗನನ್ನು ಬೈಯಲು ಯಾರೂ ಹೊರಡಬೇಡಿ. ಶಿವಾಜಿನಗರದ ಗುಜರಿ ಈ ಊರಿನ ಬಿಡಿಭಾಗಗಳ ದೊಡ್ಡ ಆಸ್ಪತ್ರೆ, ಎಷ್ಟೋ ಗಾಡಿಗಳಿಗೆ ಎರಡನೆಯ ಜನ್ಮ ಕೊಟ್ಟಿದೆ. ಪೊಲೀಸರನ್ನು ಕಳಿಸಿ ಎತ್ತಂಗಡಿ ಮಾಡಿಸಿದರೆ ಅದೇ ಕೆಲಸ ಕೆ.ಆರ್. ಪುರದಾಚೆಯ ಯಾವುದೋ ಕೆರೆಯಂಗಳಕ್ಕೆ ಹೋಗುತ್ತದೆ, ಅಷ್ಟೆ. 2022ರ ಬ್ಯಾಟರಿ ತ್ಯಾಜ್ಯ ನಿಯಮ ಹಳೆಯದನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ. ಆ ಹೊಣೆ ನಮ್ಮ ಬಾಗಿಲಿಗೆ ಬರಬೇಕಾದರೆ ರಸೀದಿ ಕೊಟ್ಟು ತೆಗೆದುಕೊಳ್ಳುವ ಅಂಗಡಿಗೇ ನಾವು ಕೊಡಬೇಕು, ಇನ್ನೂರು ಕಡಿಮೆಯಾದರೂ. ಶಿವಾಜಿನಗರದ ಕೆಲಸಗಾರರ, ಅವರ ಮಕ್ಕಳ ರಕ್ತ ಪರೀಕ್ಷೆ ಬಿಟ್ಟಿಯಾಗಿ ಬೌರಿಂಗ್ ಆಸ್ಪತ್ರೆಯಲ್ಲೇ ಆಗಲಿ ಎಂದು ಕೇಳಲು ಅವರ ಜೊತೆ ನಿಲ್ಲಬೇಕು.

ಇನ್ನೊಂದು ನಮ್ಮದೇ ಬೀದಿಯದು. ಹಳೆಯ ಬಂಗಲೆಗಳು ಒಂದೊಂದಾಗಿ ಉರುಳುತ್ತಿವೆ. ಕಿಟಕಿಯ ಮೇಲಿನ ಮಂಕಿಟಾಪ್ ಹೋಯಿತೆಂದು ನಾವು ಹನಿಗಣ್ಣಾಗುತ್ತೇವೆ, ಆ ಕಿಟಕಿ ಬಾಗಿಲುಗಳ ಮೇಲೆ ಪದರ ಪದರವಾಗಿ ಬಳಿದ ಹಳೆಯ ಬಣ್ಣದ ನೆನಪು ಯಾರಿಗೂ ಆಗುವುದಿಲ್ಲ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ಕಟ್ಟುನಿಟ್ಟು ಬಂದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಬಣ್ಣ ಜೆಸಿಬಿಯ ಹೊಡೆತಕ್ಕೆ ಪುಡಿಯಾಗಿ, ನೀರು ಚಿಮುಕಿಸಿದ ಧೂಳಾಗಿ ದೊಡ್ಡಿಗುಂಟದ ಕಾಲುವೆಗೆ ಇಳಿಯುತ್ತದೆ. ಕೆಡವುವ ಮುನ್ನ ಬಣ್ಣದ ಮರ ಕಬ್ಬಿಣವನ್ನು ಬೇರೆ ತೆಗೆಯಿರಿ, ಧೂಳು ಮೋರಿಗೆ ಹೋಗದಂತೆ ಕಟ್ಟೆ ಹಾಕಿ ಎಂದು ಕಟ್ಟುವವರಿಗೆ ಹೇಳಲು ಕಾನೂನು ಬೇಕಿಲ್ಲ, ಪಕ್ಕದ ಮನೆಯವರ ಬಾಯಿ ಸಾಕು. ಕೆರೆಗೆ ಬಿಡುವ ಗಣೇಶನ ಬಗ್ಗೆ ಉದ್ದ ಹೇಳುವುದಿಲ್ಲ, ಹೊಳೆಯುವ ಹಳದಿ ಕೆಂಪು ಬಣ್ಣ ಯಾತರದ್ದೆಂದು ಕೇಳಿ ಕೊಳ್ಳಿ, ಬಣ್ಣವಿಲ್ಲದ ಮಣ್ಣಿನ ಮೂರ್ತಿ ತನ್ನಿ, ಕಲ್ಯಾಣಿಯಲ್ಲೇ ಬಿಡಿ. ವರ್ಷಕ್ಕೊಮ್ಮೆ ಹಿಂದೂಗಳಿಗೆ ಉಪದೇಶ ಮಾಡಿ ಉಳಿದ 364 ದಿನ ಮೋರಿಯನ್ನು ಮರೆಯುವ ಚಾಳಿ ನಮ್ಮ ಪರಿಸರಪ್ರೇಮಿಗಳಲ್ಲಿದೆ, ನನಗೆ ಅದು ಒಗ್ಗದು.

ಹೂಳಿನ ವಿಷ ಏನು ಮಾಡಬಲ್ಲದು ಎಂಬುದಕ್ಕೆ ಜಪಾನಿನ ಮಿನಮಾಟ ಇದೆ. 1956ರಲ್ಲಿ ಅಲ್ಲಿನ ಕಾಯಿಲೆ ಬೆಳಕಿಗೆ ಬಂತು. ಕಾರ್ಖಾನೆ ಬಿಟ್ಟ ಪಾದರಸ ಕೊಲ್ಲಿಯ ತಳದಿಂದ ಮೀನಿಗೆ, ಮೀನಿನಿಂದ ಬೆಸ್ತರ ಮಿದುಳಿಗೆ. ಕೊಲ್ಲಿಯ ತಳ ಬಳಿಯುವ ಕೆಲಸ 1977ರಲ್ಲಿ ಶುರುವಾಗಿ 1990ರಲ್ಲಿ ಮುಗಿಯಿತು, ಸುಮಾರು 15 ಲಕ್ಷ ಘನ ಮೀಟರ್ ಹೂಳು. ಬೆಳ್ಳಂದೂರಿನಲ್ಲಿ ಎತ್ತಬೇಕಿದ್ದದ್ದು ಅದರ ಎರಡು ಪಟ್ಟು. ಲೋಹದ ಪ್ರಮಾಣ ಹೋಲಿಸುತ್ತಿಲ್ಲ, ಎರಡೂ ಬೇರೆ. ಹೋಲಿಸುತ್ತಿರುವುದು ಜಾಗ್ರತೆಯನ್ನು. ಅವರು ಆ ಹೂಳನ್ನು ಕಬ್ಬಿಣದ ಗೋಡೆಗಳ ಒಳಗೆ ಕೂಡಿಟ್ಟು ಮೇಲೆ ಮಣ್ಣು ಮುಚ್ಚಿದರು, ಎಲ್ಲಿದೆ ಎಂದು ಇವತ್ತಿಗೂ ಬೆರಳಿಟ್ಟು ತೋರಿಸಬಲ್ಲರು. ನಮ್ಮದು ಲೋಡು ಲೋಡಾಗಿ ಯಾವ ಸರ್ವೆ ನಂಬರಿಗೆ ಹೋಯಿತು?

ಹಲಸೂರು ಕೆರೆಗೂ ಹೂಳೆತ್ತುವ ಟೆಂಡರು ಮತ್ತೆ ಬಂದೇ ಬರುತ್ತದೆ. ಅದಕ್ಕೆ ಮುಂಚೆ ನಾವು ಹಟ ಹಿಡಿಯಬೇಕಾದದ್ದು ಇದು. ಕೆರೆಯ ಹತ್ತಾರು ಕಡೆ, ಮೂರೂ ಕಾಲುವೆಗಳ ಬಾಯಲ್ಲಿ, ಆಳ ಆಳದಿಂದ ಹೂಳಿನ ಮಾದರಿ ತೆಗೆದು ಲೋಹ ಪರೀಕ್ಷೆ ಆಗಲಿ. ಫಲಿತಾಂಶ ಕನ್ನಡ, ತಮಿಳು, ಉರ್ದು, ಇಂಗ್ಲಿಷಿನಲ್ಲಿ ಕೆರೆಯ ಗೇಟಿನ ಮೇಲೆ ಅಂಟಲಿ. ಯಾವ ಟಿಪ್ಪರು ಎಲ್ಲಿಗೆ ಹೋಯಿತು ಎಂಬ ಲೆಕ್ಕ ಬಹಿರಂಗವಾಗಲಿ, ಕಾಂಪೋಸ್ಟಿನ ಮಿತಿ ಮೀರಿದ ಒಂದು ಬುಟ್ಟಿಯೂ ಹೊಲಕ್ಕೆ ಹೋಗಕೂಡದು. ನಗರದ ಶುದ್ಧೀಕರಣ ಘಟಕಗಳಲ್ಲಿ ಉಳಿಯುವ ಕೆಸರಿಗೂ ಇದೇ ಮಾತು, ಏಕೆಂದರೆ ನೀರಿನಿಂದ ಹೊರಬಿದ್ದ ಲೋಹದ ಬಹುಪಾಲು ಆ ಕೆಸರಿನಲ್ಲೇ ಕೂರುತ್ತದೆ. ಪರೀಕ್ಷೆಯ ಫಲಿತಾಂಶದ ಒಂದೊಂದು ಪ್ರತಿ ಹೊಸೂರಿಗೂ ಕಡಲೂರಿಗೂ ನಾವೇ ಕಳಿಸಬೇಕು. ಅವರು ಬಾಗಿಲು ತಟ್ಟುವವರೆಗೆ ಕಾಯುವುದು ಬೇಡ.

ಕೇಳುವುದು ಯಾರನ್ನು ಎಂಬ ಗೊಂದಲ ನಿಜ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದು ವರ್ಷಗಟ್ಟಲೆ ನಮಗೆ ಕಾರ್ಪೊರೇಟರೇ ಇರಲಿಲ್ಲ. 2025ರಲ್ಲಿ ಊರನ್ನು ಐದು ಪಾಲಿಕೆಯಾಗಿ ಹಂಚಿದರು, ಕೆರೆ ಒಬ್ಬರದು, ಕಾಲುವೆ ಇನ್ನೊಬ್ಬರದು, ಒಳಚರಂಡಿ ಜಲಮಂಡಳಿಯದು ಎಂಬ ಆಟ ಇನ್ನೂ ಸಲೀಸಾಯಿತು. ಮಾಹಿತಿ ಹಕ್ಕಿನ ಅರ್ಜಿಗೆ ಆ ಆಟ ಗೊತ್ತಿಲ್ಲ. ಶುಲ್ಕ ಹತ್ತು ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಉತ್ತರಕ್ಕೆ 30 ದಿನ. ಹಾಗಾಗಿ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಕೈ ಬೇಕು. ಹಲಸೂರು ಕೆರೆಯ ಹೂಳಿನ ಲೋಹ ಪರೀಕ್ಷೆಯ ವರದಿಗಳಿಗೆ ಒಂದು, ಹಿಂದೆ ಎತ್ತಿದ ಹೂಳು ಎಲ್ಲಿ ಹೋಯಿತು ಎಂಬುದಕ್ಕೆ ಒಂದು, ಶುದ್ಧೀಕರಣ ಘಟಕದ ಕೆಸರು ಯಾರಿಗೆ ಮಾರಾಟವಾಗುತ್ತದೆ ಎಂಬುದಕ್ಕೆ ಒಂದು, ಶಿವಾಜಿನಗರದಲ್ಲಿ ಬ್ಯಾಟರಿ ವಾಪಸು ಪಡೆಯಲು ನೋಂದಾಯಿತರಾದವರ ಪಟ್ಟಿಗೆ ಇನ್ನೊಂದು. ಬರುವ ಶನಿವಾರ ಬೆಳಗ್ಗೆ ಏಳಕ್ಕೆ ರಿಚರ್ಡ್ಸ್ ಪಾರ್ಕಿನ ಗೇಟಿನ ಹತ್ತಿರ ನಮೂನೆಗಳು ಸಿಗುತ್ತವೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಮೊದಲೇ ತೆಗೆದಿಟ್ಟುಕೊಂಡು ಬನ್ನಿ, ಆ ಹೊತ್ತಿಗೆ ಅಂಚೆ ಕಚೇರಿ ತೆರೆದಿರುವುದಿಲ್ಲ.